ಭುಜಕ್ಕೊಪ್ಪುವ ರೈಫಲ್

ಪುಣೆಯಿಂದ ಒಬ್ಬರು ಫೋನ್ ಮಾಡಿದ್ದರು. "ಮಗಳು ಬಾಲೇವಾಡಿಯಲ್ಲಿ ಏರ್ ರೈಫಲ್ ಕಲೀತಿದ್ದಾಳೆ ಮೇಡಂ. ಸಾಲ ಮಾಡಿಯಾದರೂ ಎಲ್ಲಕ್ಕಿಂತ ದುಬಾರಿ ರೈಫಲ್ ಕೊಡಿಸಿಬಿಡಲಾ?" ಅಂದರು. ತಂದೆಯ ಮನಸ್ಸು, ಪಾಪ!

10 ಮೀಟರ್ ದೂರದ ಗುರಿಯಲ್ಲಿ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ರಾಗಿಕಾಳಿಗಿಂತ ಚಿಕ್ಕದು! ಹೆಸರಾಂತ ಕಂಪನಿಗಳ ಬ್ಯಾರೆಲ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಮೊದಲು ನೋಡಬೇಕಾದ್ದು ಸ್ಟಾಕ್. ಭುಜಕ್ಕೊರಗುವ ಬಟ್‌ಪ್ಲೇಟ್, ಕೆನ್ನೆಗೆ ತಾಗುವ ಚೀಕ್‌ಪೀಸ್, ಎರಡನ್ನೂ ಸರಿಸಿ ಹೊಂದಿಸುವಂತಿರಬೇಕು. ಬೆಳೆಯುವ ಮಗುವಿನ ಲಂಗಕ್ಕೆ ಒಳಮಡಿಕೆ ಬಿಡುವುದಿಲ್ಲವೇ, ಹಾಗೆ. ನಿಯಮ 5.5 ಕಿಲೋ ತನಕ ಬಿಡುತ್ತದೆಂದು ಅಷ್ಟನ್ನೂ ಹೊರಿಸಬೇಡಿ.

ಆಮೇಲೆ ಪೆಲೆಟ್. ಎಲ್ಲವೂ 4.5 ಮಿಲಿಮೀಟರಿನವೇ ಆದರೂ ಒಂದು ಬ್ಯಾರೆಲ್ಲಿಗೆ ಒಪ್ಪಿದ ಬ್ಯಾಚ್ ಇನ್ನೊಂದಕ್ಕೆ ಒಪ್ಪದು. ರೈಫಲ್ಲನ್ನು ವೈಸಿಗೆ ಕಚ್ಚಿಸಿ, ಹೊಡೆದು ನೋಡಿ, ತೂತುಗಳು ಒಂದೇ ಕಡೆ ಬಿದ್ದ ಬ್ಯಾಚನ್ನೇ ಜಾಸ್ತಿ ಕೊಳ್ಳಿ.

2008ರ ಬೀಜಿಂಗ್ ಒಲಿಂಪಿಕ್ಸ್ ನೆನಪಿದೆಯಲ್ಲ? ಫೈನಲ್‌ಗೆ ಮುಂಚೆ ಅಭಿನವ್ ಬಿಂದ್ರಾ ಅವರ ರೈಫಲ್ಲಿನ ಸೈಟ್ ಕದಲಿತ್ತು. ಪರೀಕ್ಷೆಗೆ ಹೊಡೆದ ಗುಂಡು ಗುರಿಯಿಂದ ಎಲ್ಲೋ ಆಚೆ! ರೈಫಲ್ಲಿನ ತಿರುಪು ತಿರುಪೂ ಗೊತ್ತಿದ್ದವರು, ಗಾಬರಿಯಾಗದೆ ಸರಿಮಾಡಿಕೊಂಡರು. ಕೊನೆಯ ಗುಂಡು 10.8. ಚಿನ್ನ!

ಅದಕ್ಕೇ ಆ ತಂದೆಗೆ ಹೇಳಿದೆ: ಈಗಲೇ ಸಾಲ ಬೇಡ ಸಾರ್. ಆರು ತಿಂಗಳು ಕ್ಲಬ್ಬಿನ ರೈಫಲ್ಲಲ್ಲೇ ಹೊಡೆಯಲಿ. ಎಲ್ಲಿ ಒತ್ತುತ್ತೆ, ಎಲ್ಲಿ ಕೈ ಸೋಲುತ್ತೆ ಅಂತ ಮಗಳೇ ಹೇಳ್ತಾಳೆ. ಆಗ ಅವಳನ್ನೂ ಕೋಚನ್ನೂ ಕರೆದುಕೊಂಡೇ ಅಂಗಡಿಗೆ ಹೋಗಿ.