ಆ ಮಣ್ಣು ಎಲ್ಲಿ ಹಾಕ್ತೀರಿ?

ಹಿಂದಿನ ಸಾಲುಗಳಲ್ಲಿ ಕೂತು ಮಕ್ಕಳ ಹೆಸರು ಕೂಗುವುದನ್ನೇ ಕಾಯುತ್ತಿರುವ ತಂದೆತಾಯಂದಿರೇ, ಈ ಸೆಕೆಯಲ್ಲೂ ಗೌನು ತೊಟ್ಟು ಕೂತಿರುವ ಗೆಳೆಯರೇ,

ಛಲ ಬಿಡಬೇಡಿ ಎಂದು ಹೇಳಿ ಹೋಗುವುದು ಘಟಿಕೋತ್ಸವಕ್ಕೆ ಬಂದವರ ವಾಡಿಕೆ. ಅದಕ್ಕೆ ಚೀನಿಯರ ಬಳಿ ಸಿದ್ಧ ನುಡಿಗಟ್ಟೊಂದಿದೆ: ‘ಯೂ ಗೊಂಗ್ ಯಿ ಶಾನ್’. ನಾಲ್ಕೇ ಅಕ್ಷರ. ಮೂಢ, ಅಜ್ಜ, ಸರಿಸು, ಬೆಟ್ಟ. ‘ಚೆಂಗ್‌ಯೂ’ ಎಂದು ಕರೆಯುವ ಇಂಥ ಅನೇಕ ನುಡಿಗಟ್ಟುಗಳು ಇಡೀ ಕಥೆಯನ್ನೇ ನಾಲ್ಕು ಅಕ್ಷರಕ್ಕೆ ಹಿಂಡಿ ಇಟ್ಟುಕೊಂಡಿವೆ. ಹಿಂಡುವಾಗ ಸೋರಿಹೋದದ್ದೇನು ಎಂಬುದೇ ನನ್ನ ಕುತೂಹಲ.

ಕಥೆ ‘ಲಿಯೆಜಿ’ ಎಂಬ ದಾವೋ ಪಂಥದ ಗ್ರಂಥದ್ದು. ತೊಂಬತ್ತರ ಹತ್ತಿರದ ಅಜ್ಜ. ಮನೆಯೆದುರು ತಾಯ್‌ಹಾಂಗ್, ವಾಂಗ್‌ವೂ ಎಂಬೆರಡು ಬೆಟ್ಟ. ಎಲ್ಲಿಗೆ ಹೊರಟರೂ ಸುತ್ತಿ ಬಳಸಿಯೇ ಹೋಗಬೇಕು. ಅಗೆದು ತೆಗೆದುಬಿಡೋಣ ಅಂದ. ಹೆಂಡತಿ ಕೇಳಿದಳು: ‘ಒಂದು ದಿಬ್ಬ ಕರಗಿಸೋಕೂ ನಿಮ್ಮ ಕೈಲಾಗೋಲ್ಲ. ಅದಿರಲಿ, ಆ ಕಲ್ಲುಮಣ್ಣು ಎಲ್ಲಿ ಹಾಕ್ತೀರಿ?’ ಬೋಹಾಯ್ ಸಮುದ್ರದ ಅಂಚಿಗೆ, ಅಂದರು ಮನೆಯವರು. ಬುಟ್ಟಿ ಹೊತ್ತು ಹೊರಟೇಬಿಟ್ಟರು. ಪಕ್ಕದ ಮನೆಯ ವಿಧವೆಯ ಮಗ, ಹಾಲುಹಲ್ಲು ಆಗಷ್ಟೇ ಬೀಳುತ್ತಿದ್ದ ಹುಡುಗ, ಕುಣಿಯುತ್ತಾ ಜೊತೆಗೂಡಿದ. ಒಮ್ಮೆ ಹೋಗಿ ಬರುವಷ್ಟರಲ್ಲಿ ಋತುವೇ ಬದಲಾಗುತ್ತಿತ್ತು.

ನದಿಯ ತಿರುವಿನಲ್ಲಿದ್ದ ‘ಜಾಣಜ್ಜ’ ನಕ್ಕ. ಮೂಢಜ್ಜ ಹೇಳಿದ: ನಾನು ಸತ್ತರೆ ಮಗ, ಅವನ ನಂತರ ಮೊಮ್ಮಗ, ಮರಿಮಗ, ಬೆಟ್ಟವಂತೂ ಬೆಳೆಯುವುದಿಲ್ಲ. ಇದು ಕಿವಿಗೆ ಬಿದ್ದದ್ದೇ, ಕೈಯಲ್ಲಿ ಹಾವು ಹಿಡಿದ ದೇವತೆಗೆ ದಿಗಿಲು ಹತ್ತಿತು. ಈ ಮುದುಕ ನಿಜಕ್ಕೂ ನಿಲ್ಲಿಸುವುದಿಲ್ಲ! ದೂರು ಮೇಲಿನವರೆಗೆ ಹೋಯಿತು. ದೇವಲೋಕದ ಒಡೆಯ ಅಜ್ಜನ ನಿಷ್ಠೆಗೆ ಮೆಚ್ಚಿ, ಇಬ್ಬರು ಬಲಶಾಲಿಗಳನ್ನು ಕಳಿಸಿ ಬೆಟ್ಟಗಳನ್ನು ಹೊರಿಸಿಬಿಟ್ಟ.

ಇದು ಛಲದ ಕಥೆಯೇ? ಗ್ರಂಥದಲ್ಲಿ ಇದರ ಬೆನ್ನಿಗೇ ಬರುವವನು ಕ್ವಾಫು. ಸೂರ್ಯನ ಬೆನ್ನಟ್ಟಿ ಓಡಿ, ಎರಡು ನದಿ ಕುಡಿದೂ ಬಾಯಾರಿಕೆ ತೀರದೆ ದಾರಿಯಲ್ಲೇ ಸತ್ತವನು. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಗ್ರಂಥ ಸುಮ್ಮನಾಗಿದೆ. ದೊಡ್ಡದು ಯಾವುದು, ಚಿಕ್ಕದು ಯಾವುದು ಎಂಬ ನಮ್ಮ ಅಳತೆಗೋಲನ್ನೇ ಕೆಣಕುವ ಅಧ್ಯಾಯ ಅದು. ಬೆವರಿಗೆ ಬಹುಮಾನ ಹಂಚುವ ಉಮೇದು ಅಲ್ಲಿ ನನಗಂತೂ ಕಾಣುವುದಿಲ್ಲ. (ನಾವು ‘ಭಗೀರಥ ಪ್ರಯತ್ನ’ ಅನ್ನುತ್ತೇವಲ್ಲ, ಅದೇ ಗಂಗೆಗಾಗಿ ತಪಸ್ಸು ಮಾಡಿ ತೀರಿಹೋದ ಅಂಶುಮಂತ, ದಿಲೀಪರು ನಮ್ಮ ನುಡಿಗಟ್ಟಿನಿಂದಲೂ ಸೋರಿಹೋಗಿದ್ದಾರೆ.)

ಛಲದ ಬಣ್ಣ ಗಾಢವಾದದ್ದು ಯುದ್ಧಕಾಲದಲ್ಲಿ. ಅಲ್ಲಿ ನಮ್ಮ ದೇಶದ ನಂಟೂ ಇದೆ. ಜಪಾನಿನ ದಾಳಿಗೆ ಚೀನಾ ನಲುಗುತ್ತಿದ್ದಾಗ ಚಿತ್ರಕಾರ ಷೂ ಬೇಹೊಂಗ್, ರವೀಂದ್ರನಾಥ ಟಾಗೋರರ ಆಹ್ವಾನದ ಮೇಲೆ ಶಾಂತಿನಿಕೇತನಕ್ಕೆ ಬಂದಿದ್ದರು. 1940ರಲ್ಲಿ, ಭಾರತದಲ್ಲಿದ್ದಾಗಲೇ, ನಾಲ್ಕು ಮೀಟರಿಗೂ ಉದ್ದದ ‘ಮೂಢಜ್ಜ’ನನ್ನು ಬರೆದರು. ಅದರಲ್ಲಿ ಬರಿಮೈಯಲ್ಲಿ ನೆಲ ಅಗೆಯುವವರ ಮೈಕಟ್ಟಿಗೆ ಮಾದರಿಯಾಗಿ ನಿಂತವರು ಭಾರತೀಯರು. ಚೀನಾದ ಬೆಟ್ಟಕ್ಕೆ ನಮ್ಮವರ ತೋಳು!

ಐದು ವರ್ಷ ಕಳೆದು, 1945ರ ಜೂನ್ 11ರಂದು, ಚೀನಾದ ಕಮ್ಯುನಿಸ್ಟ್ ಪಕ್ಷದ ಏಳನೇ ಮಹಾಧಿವೇಶನದ ಸಮಾರೋಪದಲ್ಲಿ ಮಾವೊ ಇದೇ ಕಥೆ ಹೇಳಿದರು. ಅವರ ಎರಡು ಬೆಟ್ಟಗಳು ಸಾಮ್ರಾಜ್ಯಶಾಹಿ ಮತ್ತು ಊಳಿಗಮಾನ್ಯ ಪದ್ಧತಿ. ದೇವಲೋಕದ ಒಡೆಯ ಅಂದರೆ ಜನತೆ. ಸಾಂಸ್ಕೃತಿಕ ಕ್ರಾಂತಿಯ ಕಾಲಕ್ಕೆ ಆ ಭಾಷಣ ಜನ ಬಾಯಿಪಾಠ ಮಾಡಲೇಬೇಕಾದ ಮೂರು ಲೇಖನಗಳಲ್ಲಿ ಒಂದಾಯಿತು. ಬಾಯಿಪಾಠದಲ್ಲಿ ದಿಗಿಲುಬಿದ್ದ ದೇವತೆಗೆ ಎಲ್ಲಿಯ ಜಾಗ?

ಈಗ ಅಲ್ಲಿನ ತರಗತಿಗಳಲ್ಲಿ ಮಕ್ಕಳು ಬೇರೆಯೇ ಪ್ರಶ್ನೆ ಎತ್ತುತ್ತಾರೆ: ಬೆಟ್ಟ ಕಡಿಯುವ ಬದಲು ಅಜ್ಜ ಮನೆ ಬದಲಾಯಿಸಬಹುದಿತ್ತಲ್ಲ? ಉಡಾಫೆ ಎನಿಸಬಹುದು. ನನಗೇನೋ ‘ಲಿಯೆಜಿ’ ಬರೆದವರಿಗೆ ಈ ಪ್ರಶ್ನೆ ಖುಷಿ ಕೊಡುತ್ತಿತ್ತು ಅನಿಸುತ್ತದೆ.

ಅಜ್ಜ, ಜಾಣ, ಒಡೆಯ, ಒಬ್ಬೊಬ್ಬರಿಗೂ ಒಂದೊಂದು ಕಾಲ ಸಿಕ್ಕಿತು. ಹೆಂಡತಿಗೆ ಮಾತ್ರ ಇನ್ನೂ ಸರದಿ ಬಂದಿಲ್ಲ. ನಿಮ್ಮಲ್ಲಿ ಇವತ್ತು ಸಿವಿಲ್ ಎಂಜಿನಿಯರುಗಳಿದ್ದೀರಿ, ಭೂವಿಜ್ಞಾನ ಓದಿದವರಿದ್ದೀರಿ. ಬೆಟ್ಟ ಇಳಿಸಲು ಈಗ ಮರಿಮಗನವರೆಗೆ ಕಾಯಬೇಕಿಲ್ಲ, ಜೆಸಿಬಿಗಳು ಸಾಕು. ಜಾಣಜ್ಜ ನಕ್ಕು ಮುಗಿಸುವಷ್ಟರಲ್ಲಿ ನೆಲ ಸಮತಟ್ಟಾಗಿರುತ್ತದೆ. ಆಕೆ ಕೇಳಿದ್ದು ಮೊದಲ ಬುಟ್ಟಿ ತುಂಬುವ ಮುಂಚೆ. ಬೋಹಾಯ್‌ಗೆ ಎಂದು ಎಷ್ಟು ಬೇಗ ಉತ್ತರ ಕೊಟ್ಟರು, ನೋಡಿ.

ಹೆಸರುಗಳ ಪಟ್ಟಿ ಉದ್ದವಿದೆ. ಕುಲಸಚಿವರು ಗಡಿಯಾರ ನೋಡುತ್ತಿದ್ದಾರೆ.