ಹಳೇ ಕಂಬೈನಿಗೆ ಮರುಜೀವ
(ರಜತ ಮಹೋತ್ಸವದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣ)



ಕೊಯ್ಲು, ಒಕ್ಕಣೆ, ತೂರುವುದು ಈ ಮೂರನ್ನೂ ಹೊಲದಲ್ಲೇ ಒಟ್ಟಿಗೆ ಮುಗಿಸುವ ಯಂತ್ರ ಕಂಬೈನು. ಮೊದಮೊದಲು ಇದನ್ನು ಕುದುರೆಗಳೋ ಟ್ರ್ಯಾಕ್ಟರೋ ಎಳೆಯಬೇಕಾಗಿತ್ತು. ಕೆನಡಾದ ಮ್ಯಾಸಿ-ಹ್ಯಾರಿಸ್ ಕಂಪನಿಯಲ್ಲಿದ್ದ ಆಸ್ಟ್ರೇಲಿಯಾದ ಟಾಮ್ ಕ್ಯಾರೊಲ್ ಎಂಬ ಇಂಜಿನಿಯರು, ತನ್ನಷ್ಟಕ್ಕೆ ತಾನೇ ನಡೆಯುವ 20ನೇ ನಂಬರಿನ ಕಂಬೈನನ್ನು 1938ರಲ್ಲಿ ಹೊರತಂದರು. ಆಮೇಲೆ ಅದಕ್ಕಿಂತ ಹಗುರವಾದ 21ನೇ ನಂಬರು ಬಂತು. ನಮಗೆಲ್ಲ ಗೊತ್ತಿರುವ ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರಿನ ಹೆಸರಿನಲ್ಲಿರುವ ಮ್ಯಾಸಿ ಇದೇ ಕಂಪನಿಯದು.

1944ರಲ್ಲಿ ಮಹಾಯುದ್ಧ ನಡೆದಿತ್ತು. ಅಮೆರಿಕದಲ್ಲಿ ಗೋಧಿ ಕೊಯ್ಯಲು ಆಳಿಲ್ಲ, ಯಂತ್ರ ಮಾಡಲು ಉಕ್ಕಿಲ್ಲ. ಆಗ ಅಲ್ಲಿಯ ಸರ್ಕಾರ 500 ಹೆಚ್ಚುವರಿ ಕಂಬೈನುಗಳಿಗೆ ಒಪ್ಪಿಗೆ ಕೊಟ್ಟಿತು. ಬೆಳೆ ಮಾಗಿದ ಹಾಗೆ ದಕ್ಷಿಣದಿಂದ ಉತ್ತರಕ್ಕೆ ಸಾಗಿ ಅವು 10 ಲಕ್ಷ ಎಕರೆಗೂ ಹೆಚ್ಚು ಕೊಯ್ದವು.

ಇಂಥ ಯಂತ್ರಗಳನ್ನು ಅಲ್ಲಿನ ಆಸಕ್ತರು ಈಗಲೂ ರಿಪೇರಿ ಮಾಡಿ ಓಡಿಸುತ್ತಾರೆ. ಪಾನಾ ಹಿಡಿಯೋಕೆ ಮುಂಚೆ ಅವರು ಪೆನ್ನು ಹಿಡಿಯುತ್ತಾರೆ. ತಗಡಿನ ಮೇಲಿನ ನಂಬರು ಬರೆದುಕೊಂಡು ಯಾವ ಮಾದರಿ, ಯಾವ ವರ್ಷದ್ದು ಅಂತ ಪತ್ತೆ ಮಾಡುತ್ತಾರೆ. ಹಳೇ ಕೈಪಿಡಿ ಹುಡುಕುತ್ತಾರೆ. ಓಡಿಸಿದ ಹಿರಿಯರನ್ನು ಕಂಡು ಕೇಳುತ್ತಾರೆ. ಒಂದು ಮೂಲೆಯಲ್ಲಿ ಮೆಲ್ಲಗೆ ಕೆರೆದು ಅಡಿಯ ಬಣ್ಣ ನೋಡುತ್ತಾರೆ. ಮ್ಯಾಸಿ-ಹ್ಯಾರಿಸಿಗೆ ಮೈ ಕೆಂಪು, ಗಾಲಿ ಹಳದಿ.

ಸೀಜಾದ ಇಂಜಿನ್ನನ್ನು ಬಲವಂತವಾಗಿ ತಿರುಗಿಸಬಾರದು. ಸ್ಪಾರ್ಕ್ ಪ್ಲಗ್ ತೆಗೆದು, ಒಳಗೆ ಎಣ್ಣೆ ಬಿಟ್ಟು, ದಿನಗಟ್ಟಲೆ ನೆನೆಯಲು ಬಿಡಬೇಕು. ಬೆಲ್ಟು, ಚೈನು ಬಿಚ್ಚುವ ಮೊದಲು ಫೋಟೋ ತೆಗೆದಿಡಬೇಕು. ತೆನೆ ಬಡಿಯುವ ಡ್ರಮ್ಮಿಗೂ ಅದರ ಕೆಳಗಿನ ಜಾಲರಿಗೂ ನಡುವೆ ಒಂದು ಸಂದು ಇರುತ್ತೆ. ಅದು ಹೆಚ್ಚಾದರೆ ಕಾಳು ತೆನೆಯಲ್ಲೇ ಉಳಿಯುತ್ತೆ, ಕಡಿಮೆಯಾದರೆ ಒಡೆದು ನುಚ್ಚಾಗುತ್ತೆ. ಈ ಅಳತೆ ಕೈಪಿಡಿಯಲ್ಲಿರಬೇಕು, ಇಲ್ಲವೆ ಓಡಿಸಿದವನ ನೆನಪಿನಲ್ಲಿರಬೇಕು. ಎರಡೂ ಹೋದರೆ ಉಳಿಯೋದು ಬರೀ ಕಬ್ಬಿಣ.

ಬಂಧುಗಳೆ, ನಮ್ಮ ಕೊಟ್ಟಿಗೆಗಳಲ್ಲೂ ಹಳೇ ಡೀಸೆಲ್ ಪಂಪು, ಒಕ್ಕಣೆ ಯಂತ್ರ ಮೂಲೆ ಸೇರಿವೆ. ಗುಜರಿಯವನ ತಕ್ಕಡಿಗೆ ಏರಿಸುವ ಮುಂಚೆ ಅದರ ನಂಬರು, ಕೊಂಡ ರಸೀದಿ, ನಡೆಸಿದವರ ಅನುಭವ ಇಷ್ಟನ್ನು ಸಂಘದ ಒಂದು ರಿಜಿಸ್ಟರಿನಲ್ಲಿ ಬರೆದಿಡೋಣ. ಸಾಲದ ಲೆಕ್ಕ ಬರೆದಿಟ್ಟು 25 ವರ್ಷ ನಡೆದು ಬಂದ ಸಂಘ ನಮ್ಮದು. ಇದು ನಮಗೆ ಭಾರವಲ್ಲ. ತುಕ್ಕು ಹಿಡಿದದ್ದನ್ನು ನಾಳೆಯೂ ಉಜ್ಜಬಹುದು. ಬಲ್ಲ ಹಿರಿಯರನ್ನು ಮಾತ್ರ ಇವತ್ತೇ ಕೇಳಬೇಕು.