ಇಂಟರ್‌ಮೀಡಿಯೆಟ್ ಪಾಸಾದ ಮೇಲೆ

ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಯ ಮಕ್ಕಳಿಗೆ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮಹಾರಾಷ್ಟ್ರ ಸರ್ಕಾರದ ಈ ಡ್ರಾಯಿಂಗ್ ಪರೀಕ್ಷೆಗಳಿಗೆ ವಸ್ತುಚಿತ್ರ, ಸ್ಮರಣಚಿತ್ರ, ಡಿಸೈನು, ಭೂಮಿತಿ ಎಲ್ಲವೂ ಕೈಗೆ ಹತ್ತಬೇಕು. ಪಾಸಾದರೆ ಹತ್ತನೆಯ ತರಗತಿಯಲ್ಲಿ ಹೆಚ್ಚುವರಿ ಅಂಕ. ಆ ಅಂಕ ಸಿಕ್ಕಿತೆಂದು ಬಣ್ಣದ ಡಬ್ಬಿಯನ್ನು ಅಟ್ಟಕ್ಕೇರಿಸುವ ಮನೆಗಳು ಇಲ್ಲಿ ಬಹಳ. ಬುನಾದಿ ಹಾಕಿ ಗೋಡೆ ಎಬ್ಬಿಸದೆ ಬಿಟ್ಟ ಹಾಗೆ.

ಆ ಗೋಡೆ ಎಬ್ಬಿಸಲು ಮುಂಬಯಿಗೆ ಹೋದವರೂ ಇದ್ದಾರೆ. ಕಲಬುರಗಿಯಿಂದ ಅಲ್ಲಿಗೆ ಹೊರಟ ರೈಲು ದುಧನಿ, ಅಕ್ಕಲಕೋಟ ರೋಡ್, ಸೊಲ್ಲಾಪುರ ದಾಟಿಯೇ ಹೋಗಬೇಕು. ಕಲಬುರಗಿಯ ಚಿತ್ರಕಾರ ಎಸ್.ಎಂ. ಪಂಡಿತರಿಗೂ ಉಡುಪಿ ಸೀಮೆಯ ಚಿತ್ರಕಾರ ಕೆ.ಕೆ. ಹೆಬ್ಬಾರರಿಗೂ ಮುಂಬಯಿಯಲ್ಲಿ ಪಾಠ ಹೇಳಿದ್ದು ಕನ್ನಡಿಗ ದಂಡಾವತಿಮಠರ ನೂತನ ಕಲಾಮಂದಿರ. ಹೆಬ್ಬಾರರು ಅಲ್ಲಿಂದ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿ, 1938ರಲ್ಲಿ ಡಿಪ್ಲೊಮಾ ಪಡೆದು, ಮುಂದೆ ಅಲ್ಲಿಯೇ ಮೇಷ್ಟರಾದರು. 1857ರಲ್ಲಿ ಆರಂಭವಾದ ಆ ಶಾಲೆ ಮುಂಬಯಿ ವಿಶ್ವವಿದ್ಯಾಲಯದ ತೆಕ್ಕೆಗೆ ಬಂದದ್ದು 1981ರಲ್ಲಿ. ಅದಕ್ಕೂ ಮುಂಚೆ, 1950ರಲ್ಲೇ, ಬರೋಡಾದ ಸಯಾಜಿರಾವ್ ವಿಶ್ವವಿದ್ಯಾಲಯ ಲಲಿತಕಲೆಗೆ ಪ್ರತ್ಯೇಕ ವಿಭಾಗ ತೆರೆದಿತ್ತು. ಎನ್.ಎಸ್. ಬೇಂದ್ರೆ ಅಲ್ಲಿ ಚಿತ್ರಕಲೆ ಕಲಿಸಿದರು. ಕೈಯ ಅಭ್ಯಾಸದ ಜೊತೆಗೆ ಕಲೆಯ ಇತಿಹಾಸವೂ ಪಾಠವಾಯಿತು.

ಪದವಿ ಇಲ್ಲದೆ ಕಲಾವಿದರಾಗಲು ಬರುವುದಿಲ್ಲವೇ? ಖಂಡಿತ ಬರುತ್ತದೆ. ಕಪ್ಪು ಕಾಗದದ ಮೇಲೆ ಬಣ್ಣದ ಪೆನ್ಸಿಲಿನಿಂದ ಬೆರಗು ಹುಟ್ಟಿಸುವ ಶಶಿಕಾಂತ ಧೋತ್ರೆ ಇದೇ ಸೊಲ್ಲಾಪುರ ಜಿಲ್ಲೆಯವರು, ಹೆಚ್ಚಾಗಿ ಸ್ವಂತ ಸಾಧನೆಯಿಂದಲೇ ಬೆಳೆದವರು. ಆದರೆ ಅಂಥ ಕೈ ಎಲ್ಲರಿಗೂ ಒಲಿಯುವುದಿಲ್ಲ. ಉಳಿದವರಿಗೆ ನಾಲ್ಕು ವರ್ಷದ ಲಲಿತಕಲಾ ಪದವಿ ಬಿ.ಎಫ್.ಎ., ಆಮೇಲೆ ಎರಡು ವರ್ಷದ ಸ್ನಾತಕೋತ್ತರ ಪದವಿ ಎಂ.ಎಫ್.ಎ. ಕೊಡುವುದು ದೊಡ್ಡ ವರ: ಹಗಲಿಡೀ ಸ್ಟುಡಿಯೊ, ತಪ್ಪನ್ನು ಎದುರಿಗೇ ಹೇಳುವ ಗುರು, ಪ್ರಬಂಧ ಬರೆಯುವ ಶಿಸ್ತು.

ಅಂಥ ಪ್ರಬಂಧಕ್ಕೆ ವಿಷಯ ಹುಡುಕಿಕೊಂಡು ಸೊಲ್ಲಾಪುರದವರು ಊರು ಬಿಡಬೇಕಾಗಿಲ್ಲ. ಜಕಾರ್ಡ್ ಮಗ್ಗದ ಚಾದರನ್ನೇ ನೋಡಿ. ಹೂವೋ ನವಿಲೋ ಮೊದಲು ಮೂಡುವುದು ಗ್ರಾಫ್ ಕಾಗದದ ಮೇಲೆ. ಒಂದೊಂದು ಚೌಕವೂ ಹಾಸು ಹೊಕ್ಕು ಕೂಡುವ ಒಂದೊಂದು ಜಾಗ. ಚೌಕಗಳ ಸಾಲಿಗೆ ತಕ್ಕಂತೆ ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತಾರೆ. ತೂತಿದ್ದ ಕಡೆ ಕೊಕ್ಕೆ ಎದ್ದು ಹಾಸಿನ ಎಳೆಯನ್ನು ಮೇಲೆತ್ತುತ್ತದೆ. ಕಾಗದದ ಚಿತ್ರ ಬಟ್ಟೆಗೆ ಇಳಿಯುವುದು ಹೀಗೆ. ಈ ನಕ್ಷೆ ಬರೆದವರ ಹೆಸರು ಚಾದರಿನ ಯಾವ ಮೂಲೆಯಲ್ಲೂ ಇರುವುದಿಲ್ಲ.

ಇಂಟರ್‌ಮೀಡಿಯೆಟ್‌ನಲ್ಲಿ ಡಿಸೈನು ಬರೆದು ಪಾಸಾದ ಅಕ್ಕಲಕೋಟದ ಹುಡುಗಿ ಎಂ.ಎಫ್.ಎ.ವರೆಗೆ ಓದಿದರೆ, ಆ ಗ್ರಾಫ್ ಕಾಗದಗಳನ್ನು ಕಾರಖಾನೆಗಳಿಂದ ಕೂಡಿಸಬಹುದು, ಬರೆದವರನ್ನು ಕನ್ನಡ, ಮರಾಠಿ, ತೆಲುಗು ಮೂರರಲ್ಲೂ ಮಾತಾಡಿಸಬಹುದು. ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಮಹಾರಾಷ್ಟ್ರದಲ್ಲಿ ಬಿ.ಎಫ್.ಎ. ಪ್ರವೇಶಕ್ಕೆ ಸಿ.ಇ.ಟಿ. ಉಂಟು. ತಂದೆತಾಯಿಗಳು ಎಂಜಿನಿಯರಿಂಗ್ ಅರ್ಜಿಯ ಜೊತೆಗೆ ಅದರ ಅರ್ಜಿಯನ್ನೂ ತುಂಬಿಸಲಿ.